ಒಪ್ಪಿಗೆಯ ಮೊದಲ ಮೆಟ್ಟಿಲು

ದೊಡ್ಡ ಕೋರಿಕೆಯನ್ನು ಒಮ್ಮೆಲೇ ಮುಂದಿಟ್ಟರೆ ಆಗದೆನ್ನುವ ಮನುಷ್ಯನು, ಮೊದಲು ಅಲ್ಪವಾದೊಂದಕ್ಕೆ ಒಪ್ಪಿದ್ದರೆ, ಬಳಿಕ ದೊಡ್ಡದಕ್ಕೂ ತಲೆದೂಗುವುದುಂಟು. ಈ ಸಂಗತಿಯನ್ನು ಹಳೆಯ ವಿದ್ಯಾರ್ಥಿನಿಯರೂ ಪೋಷಕರೂ ತುಸು ಆಲೋಚಿಸಬೇಕೆಂದು ಬಿನ್ನವಿಸುತ್ತೇವೆ.

ಫ್ರೀಡ್‌ಮನ್, ಫ್ರೇಜರ್ ಎಂಬ ಮನಶ್ಶಾಸ್ತ್ರಜ್ಞರು ಅಮೇರಿಕಾ ದೇಶದ ಕ್ಯಾಲಿಫೋರ್ನಿಯದಲ್ಲಿ ನಡೆಸಿದ ಪರೀಕ್ಷೆಯೊಂದನ್ನು 1966ರಲ್ಲಿ ಪ್ರಕಟಿಸಿದರು. ವಾಹನವನ್ನು ಜಾಗರೂಕತೆಯಿಂದ ನಡೆಸಿರೆಂದು ಬರೆದ, ಅಂದಗೆಟ್ಟ ದೊಡ್ಡ ಹಲಗೆಯನ್ನು ಮನೆಯ ಮುಂದೆ ನಿಲ್ಲಿಸಲು ಕೇಳಿದಾಗ ನೂರಕ್ಕೆ 17 ಮಂದಿಯೂ ಒಪ್ಪಲಿಲ್ಲ. ಅದೇ ವಿಷಯದ ಮೂರಂಗುಲದ ಫಲಕವನ್ನು ಇಟ್ಟುಕೊಳ್ಳುವಂತೆ ಎರಡು ವಾರ ಮೊದಲೇ ಕೇಳಿದ್ದ ಮನೆಗಳಲ್ಲಿಯಾದರೋ ನೂರಕ್ಕೆ 76 ಮಂದಿ ಒಪ್ಪಿದರು. ಒಮ್ಮೆ ಒಪ್ಪಿದವನು, ತಾನು ಇಂಥ ಕಾರ್ಯಕ್ಕೆ ಕೈಗೂಡಿಸುವವನೆಂದು ತನ್ನನ್ನು ತಾನೇ ಎಣಿಸಿಕೊಳ್ಳುತ್ತಾನೆಂಬುದು ಅವರು ಕೊಟ್ಟ ಕಾರಣ.

ನಮ್ಮ ಹೊಳಲ್ಕೆರೆ ತಾಲ್ಲೂಕಿನವರಿಗೆ ಇದು ಹೊಸತಲ್ಲ. 1996ರಲ್ಲಿ ಕಾಲವಾದ ಮಲ್ಲಾಡಿಹಳ್ಳಿಯ ರಾಘವೇಂದ್ರ ಸ್ವಾಮಿಗಳು ಜೋಳಿಗೆಯೊಡ್ಡಿಯೇ ಅನಾಥಸೇವಾಶ್ರಮವನ್ನು ಬೆಳೆಸಿದರು. ತಿರುಕ ಎಂಬುದೇ ಅವರ ಕಾವ್ಯನಾಮವಾಗಿತ್ತು. ಜೋಳಿಗೆಗೆ ಹಿಡಿಕಾಳೂ ಸಲ್ಲುತ್ತದೆ. ಹಿಡಿಕಾಳು ಹಾಕಿದವನು ಆಶ್ರಮವನ್ನು ತನ್ನದೆಂದು ಭಾವಿಸತೊಡಗುವನೆಂಬುದು ನಮ್ಮ ಊಹೆ. ಅಲ್ಲಿ ಬೇಡಿಕೆಯ ಉದ್ದೇಶವು ಎಲ್ಲರಿಗೂ ಬಯಲಾಗಿಯೇ ಇತ್ತು.

ಉದ್ದೇಶವನ್ನು ಮರೆಯಿಟ್ಟು ಕೇಳುವವರೂ ಉಂಟು. ಹಿರಿಯೂರು, ಹೊಸದುರ್ಗಗಳ ಕಡೆಯ ತಂದೆಯೊಬ್ಬರನ್ನು, ಹತ್ತನೆಯ ತರಗತಿಯ ಮಗಳಿಗೆ ಈಗಲೇ ಮದುವೆ ಮಾಡುವಿರಾ ಎಂದು ನೇರವಾಗಿ ಕೇಳಿದರೆ ಛೀ ಎಂದಾರು. ಹದಿನೆಂಟು ತುಂಬದ ಹುಡುಗಿಯ ವಿವಾಹವನ್ನು 2006ರ ಕಾಯಿದೆಯು ನಿಷೇಧಿಸಿರುವುದನ್ನೂ ಅವರು ಬಲ್ಲರು. ಆದರೆ ಸಂಬಂಧ ತರುವವರು ಹಾಗೆ ಕೇಳುವುದಿಲ್ಲ. “ಯಜಮಾನರೇ, ಸುಮ್ಮನೆ ಹುಡುಗಿಯನ್ನು ನೋಡಿಕೊಂಡು ಹೋಗುತ್ತಾರೆ, ಬೇಡವಾದರೆ ಬಿಡಿ” ಎನ್ನುತ್ತಾರೆ. (ಈ “ಬೇಡವಾದರೆ ಬಿಡಿ” ಎಂಬ ಮಾತೇ ಬಿಗಿದ ಮನಸ್ಸನ್ನು ಸಡಿಲಿಸುತ್ತದೆ.) ನೋಡಲು ಬಂದವರಿಗೆ ಉಪ್ಪಿಟ್ಟು ಕಾಫಿಯಾಗುತ್ತದೆ, ಮುಂದೆ ವೀಳ್ಯಶಾಸ್ತ್ರ, ಅನಂತರ ಮಾತು ಕೊಟ್ಟ ಮೇಲೆ ತಪ್ಪುವುದು ಹೇಗೆಂಬ ಸಂಕೋಚ. ಯಾವ ಮೆಟ್ಟಿಲಿನಲ್ಲಿ ಮಗಳ ಓದು ನಿಂತಿತೆಂಬುದು ತಂದೆಗೇ ತಿಳಿಯದು.

ಪಾಠಶಾಲೆಯವರಾದ ನಾವೂ ಸಣ್ಣದರಿಂದಲೇ ಆರಂಭಿಸುತ್ತೇವೆ. ಸಂಜೆ ಒಂದು ತಾಸು ಮನೆಗೆಲಸದಿಂದ ಬಿಡಿಸಿರೆಂದೂ, ತಿಂಗಳಿಗೊಮ್ಮೆ ಬಂದು ಅಂಕಪಟ್ಟಿಗೆ ರುಜು ಹಾಕಿರೆಂದೂ ಪೋಷಕರನ್ನು ಕೇಳುತ್ತೇವೆ. ಆದರೆ ಕೊನೆಗೆ ನಾವು ಬಯಸುವುದು ಕಾಲೇಜಿನ ವ್ಯಾಸಂಗವನ್ನೆಂದು ಮೊದಲ ದಿನವೇ ಹೇಳಿಬಿಡುತ್ತೇವೆ. ಒಲ್ಲೆವೆನ್ನುವವರು ಅಲ್ಲಿಯೇ ಒಲ್ಲೆವೆನ್ನಲಿ.

ಸಂಬಂಧ ತಂದವರಿಗೂ ಪೋಷಕರು ಇದೇ ಪ್ರಶ್ನೆಯನ್ನು ಹಾಕಬಹುದು: ಈ ನೋಟದ ಮುಂದೆ ಏನನ್ನು ಕೇಳುವಿರಿ, ಎಂದಿಗೆ ಕೇಳುವಿರಿ? ಉತ್ತರ ಬರುವವರೆಗೆ ಕಾಫಿಯ ಪಾತ್ರೆಯನ್ನು ಒಲೆಗೇರಿಸಬೇಕಾಗಿಲ್ಲ.