ಹೊಸ ಪ್ರಾಥಮಿಕ ಶಾಲೆಯ ನಿರ್ಮಾಣ: ಮುನ್ನಡೆ ಮತ್ತು ಬಾಳಿಕೆಯ ಯೋಜನೆ

ಶಾಲೆಯೊಂದರ ಅಡಿಗಲ್ಲು ಇಡುವ ದಿನ ಊರಿಗೆ ಹಬ್ಬವಾಗುತ್ತದೆ. ತೋರಣ, ಮೆರವಣಿಗೆ, ಭಾಷಣ, ದಾನಿಗಳ ಸನ್ಮಾನ ಎಲ್ಲವೂ ವಿಜೃಂಭಣೆಯಿಂದ ನೆರವೇರುತ್ತವೆ. ಆದರೆ ಆ ಶಾಲೆಯ ನಿಜವಾದ ಪರೀಕ್ಷೆ ಅಂದು ನಡೆಯುವುದಿಲ್ಲ. ಹತ್ತು ವರ್ಷಗಳ ಬಳಿಕ ಒಂದು ಮಳೆಗಾಲದ ಮುಂಜಾವಿನಲ್ಲಿ ಚಾವಣಿ ಸೋರದೆ ನಿಂತಿದೆಯೇ, ಗುರುಗಳಿಗೆ ಸಂಬಳ ಸಕಾಲಕ್ಕೆ ಸಂದಿದೆಯೇ, ಮಕ್ಕಳು ಮನಸ್ಸಿಟ್ಟು ಬರುತ್ತಿದ್ದಾರೆಯೇ ಎಂಬ ಪ್ರಶ್ನೆಗಳಿಗೆ ದೊರೆಯುವ ಉತ್ತರವೇ ಆ ಪರೀಕ್ಷೆಯ ಫಲಿತಾಂಶ. ಆದುದರಿಂದ ಶಾಲೆ ಕಟ್ಟುವ ಯೋಜನೆಯಲ್ಲಿ ಅದು ಬೆಳೆಯುವ ಬಗೆಯೂ ಬಾಳುವ ಬಗೆಯೂ ಮೊದಲ ದಿನದಿಂದಲೇ ಸೇರಿರಬೇಕಾಗುತ್ತದೆ.

ಹಿರಿಯರು ಹಾಕಿದ ಮೇಲ್ಪಂಕ್ತಿ

ಧಾರವಾಡ ನಾಡಿಗೆ ಈ ವಿಚಾರ ಹೊಸದಲ್ಲ. ಮುಂಬಯಿ ಆಧಿಪತ್ಯದ ಕಾಲದಲ್ಲಿ ಕನ್ನಡ ಶಾಲೆಗಳು ವಿರಳವಾಗಿದ್ದಾಗ ಡೆಪ್ಯುಟಿ ಚನ್ನಬಸಪ್ಪನವರು (1834–1881) ಶಿಕ್ಷಣ ಇಲಾಖೆಯ ಅಧಿಕಾರದಲ್ಲಿದ್ದುಕೊಂಡು ಕನ್ನಡ ಶಾಲೆಗಳ ಪ್ರಸಾರಕ್ಕಾಗಿ ದುಡಿದರು. ಶಾಲೆಗೆ ಕಟ್ಟಡಕ್ಕಿಂತ ಮೊದಲು ತರಬೇತಿ ಪಡೆದ ಮಾಸ್ತರರು ಬೇಕೆಂಬುದು ಅವರ ಕಾರ್ಯದಿಂದ ಸ್ಪಷ್ಟವಾಯಿತು. 1916ರ ನವೆಂಬರ್ 13ರಂದು ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯು ಒಂದು ಶಾಲೆಯೊಡನೆ ಆರಂಭವಾದಾಗ, ಅದರ ಬೆನ್ನೆಲುಬಾಗಿ ನಿಂತವರು ‘ಸಪ್ತರ್ಷಿ’ಗಳೆಂದು ಜನರು ಕರೆದ ಏಳು ಮಂದಿ ವಿದ್ಯಾವಂತ ತರುಣರು, ಅವರ ಜೊತೆಗೆ ನಿಂತವರು ಉದಾರ ದಾನಿಗಳು. ಧಾರವಾಡದ ಮುರುಘಾಮಠದಲ್ಲಿ ಶ್ರೀ ಮೃತ್ಯುಂಜಯ ಅಪ್ಪಗಳ ಕಾಲದಲ್ಲಿ ಬಡ ವಿದ್ಯಾರ್ಥಿಗಳಿಗಾಗಿ ತೆರೆದ ಉಚಿತ ಪ್ರಸಾದ ನಿಲಯವು ಮತ್ತೊಂದು ಪಾಠವನ್ನು ಕಲಿಸಿತು: ಹಳ್ಳಿಯ ಹುಡುಗನಿಗೆ ಶಾಲೆಯ ಬಾಗಿಲು ತೆರೆದರಷ್ಟೇ ಸಾಲದು, ಅವನ ಹೊಟ್ಟೆಯ ಚಿಂತೆಯೂ ಕಳೆಯಬೇಕು. 1906ರಲ್ಲಿ ತೀರಿಕೊಂಡ ಶಿರಸಂಗಿಯ ಲಿಂಗರಾಜ ದೇಸಾಯಿಯವರಾದರೋ ತಮ್ಮ ಆಸ್ತಿಯನ್ನು ವಿದ್ಯಾಭ್ಯಾಸಕ್ಕೆಂದು ಮೀಸಲಿಟ್ಟು, ದಾನಿಯ ಕಾಲಾನಂತರವೂ ಫಲ ಕೊಡುವ ದತ್ತಿಯ ಮಾದರಿಯನ್ನು ನಾಡಿಗೆ ತೋರಿಸಿದರು.

ಗುರು, ಅನ್ನ, ದತ್ತಿ ಎಂಬ ಈ ಮೂರರ ಬಲದಿಂದ ಹಿಂದಿನ ಸಂಸ್ಥೆಗಳು ಶತಮಾನ ದಾಟಿದವು. ಇಂದು ಹೊಸ ಶಾಲೆ ಕಟ್ಟುವವರಿಗೂ ಈ ಮೂರೇ ಆಧಾರ. ಲೆಕ್ಕಾಚಾರ ಮಾತ್ರ ಇಂದಿನದಾಗಬೇಕು.

ಮೊದಲ ಪ್ರಶ್ನೆ: ಶಾಲೆ ಬೇಕೇ?

ಧಾರವಾಡದ ಪಶ್ಚಿಮಕ್ಕೆ, ಲೋಂಡೆಯ ಕಡೆಗೆ ಸಾಗುವ ರೈಲು ಮಾರ್ಗದಲ್ಲಿ, ಕೆರೆಯನ್ನೂ ಭತ್ತದ ಗದ್ದೆಗಳನ್ನೂ ಒಡಲಲ್ಲಿಟ್ಟುಕೊಂಡಿರುವ ಮುಗದವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಹಳೆಯ ಶಾಸನಗಳಲ್ಲಿ ‘ಮುಗುಂದ’ ಎಂದು ಹೆಸರಾದ ಈ ಊರು ಇಂದು ಭತ್ತದ ಸಂಶೋಧನೆಗೂ ‘ಮುಗದ ಸುಗಂಧ’ ಎಂಬ ತಳಿಗೂ ಹೆಸರಾಗಿದೆ. ಇಂಥ ಗ್ರಾಮದಲ್ಲಿ ಹೊಸ ಪ್ರಾಥಮಿಕ ಶಾಲೆಯನ್ನು ತೆರೆಯಬಯಸುವವರು ಮೊತ್ತಮೊದಲು ಮನೆಮನೆಯ ಗಣತಿ ಮಾಡಬೇಕು. ಮುಂದಿನ ಐದು ವರ್ಷಗಳಲ್ಲಿ ಆರು ವರ್ಷ ತುಂಬುವ ಮಕ್ಕಳು ಎಷ್ಟು, ಅವರಲ್ಲಿ ಈಗಿರುವ ಶಾಲೆಗಳಿಗೆ ಹೋಗುವವರು ಎಷ್ಟು, ಧಾರವಾಡಕ್ಕೆ ಪ್ರಯಾಣಿಸುವವರು ಎಷ್ಟು, ಮಧ್ಯದಲ್ಲೇ ಶಾಲೆ ಬಿಡುವವರು ಎಷ್ಟು ಎಂಬುದು ತಿಳಿಯಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಆಶಯದಂತೆ ಕಿರಿಯ ಪ್ರಾಥಮಿಕ ಶಾಲೆ ಮಗುವಿನ ಮನೆಯಿಂದ 1 ಕಿಲೋಮೀಟರಿನೊಳಗೆ ದೊರೆಯಬೇಕು. ಆ ಅಂತರದೊಳಗೆ ಒಳ್ಳೆಯ ಸರ್ಕಾರಿ ಶಾಲೆ ಇದ್ದು ಅದರ ಕೊಠಡಿಗಳು ಅರ್ಧ ಖಾಲಿ ಉಳಿದಿದ್ದರೆ, ಪಕ್ಕದಲ್ಲೇ ಇನ್ನೊಂದು ಶಾಲೆ ಕಟ್ಟುವುದರಿಂದ ಎರಡೂ ಬಡವಾಗುತ್ತವೆ. ಅಂಥಲ್ಲಿ ಇರುವ ಶಾಲೆಯನ್ನೇ ಎತ್ತಿ ನಿಲ್ಲಿಸುವುದು ಹೆಚ್ಚಿನ ಪುಣ್ಯಕಾರ್ಯ. ಗಣತಿಯಿಂದ ಅವಶ್ಯಕತೆ ದೃಢಪಟ್ಟ ಮೇಲೆಯೇ ಮುಂದಿನ ಹೆಜ್ಜೆ.

ಹಂತಹಂತದ ಮುನ್ನಡೆ

ಒಂದನೆಯ ತರಗತಿಯಿಂದ ಆರಂಭಿಸಿ ವರ್ಷಕ್ಕೊಂದು ತರಗತಿಯನ್ನು ಕೂಡಿಸುತ್ತ ಹೋಗುವುದು ಸುರಕ್ಷಿತ ಮಾರ್ಗ. ವರ್ಷಕ್ಕೆ 24 ಮಕ್ಕಳು ಸೇರುವರೆಂದು ಭಾವಿಸಿದರೆ ಮೊದಲ ವರ್ಷ 24, ಎರಡನೆಯ ವರ್ಷ 48, ಬಳಿಕ 72, 96, ಐದನೆಯ ವರ್ಷಕ್ಕೆ 120 ಮಕ್ಕಳಾಗುತ್ತಾರೆ. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಂತೆ ಒಂದರಿಂದ ಐದನೆಯ ತರಗತಿಯವರೆಗೆ 60 ಮಕ್ಕಳವರೆಗೆ ಇಬ್ಬರು, 61ರಿಂದ 90ರವರೆಗೆ ಮೂವರು, 91ರಿಂದ 120ರವರೆಗೆ ನಾಲ್ವರು ಶಿಕ್ಷಕರಿರಬೇಕು. ಹೀಗೆ ನೋಡಿದರೆ ಐದನೆಯ ವರ್ಷದಲ್ಲಿ ಕಾಯ್ದೆಯ ಮಟ್ಟಿಗೆ ನಾಲ್ವರು ಸಾಕು. ಆದರೆ ತರಗತಿಗಳು ಐದು. ಆದುದರಿಂದ ಯೋಜನೆಯಲ್ಲಿ ಐದನೆಯ ಶಿಕ್ಷಕರನ್ನೂ ಲೆಕ್ಕ ಹಿಡಿಯುವುದು ವಿವೇಕ. ಎರಡು ತರಗತಿಗಳನ್ನು ಕೂಡಿಸಿ ಕಲಿಸುವ ಪ್ರಸಂಗ ಬಂದರೆ, 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಮೊಳೆತ ‘ನಲಿ–ಕಲಿ’ ಪದ್ಧತಿಯ ಅನುಭವ ಉಪಯೋಗಕ್ಕೆ ಬರುತ್ತದೆ.

ಕಟ್ಟಡವೂ ಇದೇ ಗತಿಯಲ್ಲಿ ಏಳಬಹುದು. ಮೊದಲ ಹಂತದಲ್ಲಿ ಎರಡು ಕೊಠಡಿ, ಕಾರ್ಯಾಲಯ, ಹುಡುಗ–ಹುಡುಗಿಯರಿಗೆ ಪ್ರತ್ಯೇಕ ಶೌಚಾಲಯ, ಕುಡಿಯುವ ನೀರು, ಆವರಣ. ಉಳಿದ ಮೂರು ಕೊಠಡಿಗಳು ಮುಂದಿನ ಮೂರು ವರ್ಷಗಳಲ್ಲಿ. ಆದರೆ ನಕ್ಷೆ ಮಾತ್ರ ಮೊದಲ ದಿನವೇ ಸಂಪೂರ್ಣವಾಗಿ ಸಿದ್ಧವಾಗಿರಬೇಕು. ಮೇಲೆ ಮಹಡಿ ಬರುವುದಿದ್ದರೆ ಅಡಿಪಾಯ ಅದರ ಭಾರಕ್ಕೆ ತಕ್ಕಂತೆ ಈಗಲೇ ಬೀಳಬೇಕು. ಲೆಕ್ಕಕ್ಕೆ ಸಿಗದ ಮಹಡಿಯನ್ನು ಆಮೇಲೆ ಏರಿಸುವುದು ಮಕ್ಕಳ ತಲೆಯ ಮೇಲೆ ಅಪಾಯವನ್ನು ತೂಗುಹಾಕಿದಂತೆ.

ನೆಲ, ಗೋಡೆ, ಚಾವಣಿ

ಧಾರವಾಡದ ಪೂರ್ವಕ್ಕೆ ಎರೆಭೂಮಿ. ಪಶ್ಚಿಮಕ್ಕೆ ಮಲೆನಾಡಿನ ಸೆರಗಿನ ಕೆಂಪು ನೆಲ. ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದರಿಂದ ಅದರ ಮೇಲಿನ ಗೋಡೆಗಳು ಸೀಳುತ್ತವೆ. ಕೆಂಪು ನೆಲ ಅಷ್ಟು ತೊಂದರೆ ಕೊಡದು; ಆದರೂ ಒಂದೇ ಊರಿನಲ್ಲಿ ನೂರು ಮಾರು ದೂರಕ್ಕೆ ಮಣ್ಣಿನ ಗುಣ ಬದಲಾಗುವುದುಂಟು. ಆದುದರಿಂದ ದಾನವಾಗಿ ಬಂದ ಭೂಮಿಯಾದರೂ ಮಣ್ಣಿನ ಪರೀಕ್ಷೆಯಿಲ್ಲದೆ ಅಡಿಗಲ್ಲು ಇಡಲಾಗದು. ನೀರು ನಿಲ್ಲುವ ಗದ್ದೆಯ ತಗ್ಗನ್ನು ಬಿಟ್ಟು ದಿಣ್ಣೆಯನ್ನು ಆರಿಸಬೇಕು. ಭೂಮಿಯ ಪತ್ರಗಳು ಸಂಸ್ಥೆಯ ಹೆಸರಿಗೆ ನೋಂದಣಿಯಾಗಿರಬೇಕು. ಬಾಯಿಮಾತಿನ ದಾನ ಮುಂದಿನ ತಲೆಮಾರಿನಲ್ಲಿ ವ್ಯಾಜ್ಯವಾಗಿ ಬೆಳೆದೀತು.

ಕಟ್ಟಡದ ಉದ್ದ ಪೂರ್ವ–ಪಶ್ಚಿಮವಾಗಿದ್ದು ಕಿಟಕಿಗಳು ಉತ್ತರ–ದಕ್ಷಿಣಕ್ಕೆ ತೆರೆದರೆ ಬೆಳಕು ಸೌಮ್ಯವಾಗಿ ಬರುತ್ತದೆ, ಇಳಿಬಿಸಿಲು ಕಾಡುವುದಿಲ್ಲ. ಮುಂಗಾರಿನ ಇರಿಚಲು ಪಶ್ಚಿಮ ಮತ್ತು ನೈಋತ್ಯದಿಂದ ಬಡಿಯುವುದರಿಂದ ಆ ಕಡೆಗೆ ಅಗಲವಾದ ಪಡಸಾಲೆಯೂ ಉದ್ದನೆಯ ಸೂರೂ ಬೇಕು. 1865ರಿಂದ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ತಯಾರಿಸತೊಡಗಿದ ಹಂಚು ಈ ಮಳೆಗೆ ಒಗ್ಗಿದ ಚಾವಣಿಯಾಗಿ ನಾಡಿನಾದ್ಯಂತ ನೆಲೆಸಿತು. ಒಡೆದ ಹಂಚನ್ನು ಒಂದೊಂದಾಗಿ ಬದಲಿಸಬಹುದೆಂಬುದು ಅದರ ದೊಡ್ಡ ಗುಣ. ವರ್ಷಕ್ಕೊಮ್ಮೆ, ಮಳೆಗೆ ಮುನ್ನ, ಕೈಯಾಡಿಸಲೇಬೇಕೆಂಬುದು ಅದರ ಶರತ್ತು. ಸಿಮೆಂಟಿನ ಸ್ಲ್ಯಾಬು ಹಾಕಿದರೆ ಮೊದಲ ದಿನಗಳಲ್ಲಿ ಅದಕ್ಕೆ ಸರಿಯಾಗಿ ನೀರುಣಿಸದಿದ್ದಲ್ಲಿ ಸೋರಿಕೆ ತಪ್ಪದು. ಮಳೆ ನಿಂತ ಮೇಲೆ ಬುನಾದಿ ತೆಗೆದು, ಮುಂಗಾರಿಗೆ ಮುನ್ನ ಚಾವಣಿ ಮುಗಿಸುವಂತೆ ಕೆಲಸದ ಪಂಚಾಂಗ ಹೊಂದಿಸುವುದು ಒಳ್ಳೆಯದು.

ಭದ್ರತೆಯ ವಿಷಯದಲ್ಲಿ ಉಳಿತಾಯ ಸಲ್ಲದು. 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪದಲ್ಲಿ ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆಗಳೇ ಮೃತ್ಯುವಾದವು. ಗೋಡೆಗಳನ್ನೆಲ್ಲ ಸುತ್ತುವರಿದು ಬಿಗಿಯುವ ಕಾಂಕ್ರೀಟ್ ಪಟ್ಟಿಯ ಬೆಲೆ ಅಂದು ತಿಳಿಯಿತು. 2004ರ ಜುಲೈ 16ರಂದು ಕುಂಭಕೋಣದ ಶಾಲೆಯೊಂದರಲ್ಲಿ ಬೆಂಕಿ ಹತ್ತಿ 94 ಮಕ್ಕಳು ಬಲಿಯಾದರು. ಆ ದುರಂತದ ಹಿನ್ನೆಲೆಯಲ್ಲಿ 2009ರಲ್ಲಿ ಸರ್ವೋಚ್ಚ ನ್ಯಾಯಾಲಯವು ಶಾಲೆಗಳ ಸುರಕ್ಷತೆಯ ಬಗೆಗೆ ನಿರ್ದೇಶನ ಕೊಟ್ಟಿತು. 2019ರ ಮಾರ್ಚ್ 19ರಂದು ಧಾರವಾಡದಲ್ಲೇ ನಿರ್ಮಾಣದಲ್ಲಿದ್ದ ಬಹುಮಹಡಿ ಕಟ್ಟಡ ಕುಸಿದು ಹಲವರು ಜೀವ ತೆತ್ತುದನ್ನು ಈ ಭಾಗದ ಜನ ಮರೆತಿಲ್ಲ. ಅರ್ಹ ಇಂಜಿನಿಯರರ ಸಹಿಯಿಲ್ಲದ ನಕ್ಷೆ, ಪರೀಕ್ಷೆಯಿಲ್ಲದ ಉಕ್ಕು–ಸಿಮೆಂಟು, ಹೊರಕ್ಕೆ ತೆರೆಯದ ಬಾಗಿಲು ಇವು ಶಾಲೆಯ ಆವರಣವನ್ನು ಪ್ರವೇಶಿಸಲೇಬಾರದು.

ನೀರಿನ ಲೆಕ್ಕ

ಬಾಳಿಕೆಯ ವಿಚಾರದಲ್ಲಿ ನೀರಿಗಿಂತ ಒಳ್ಳೆಯ ಪಾಠವಿಲ್ಲ. ಧಾರವಾಡದ ಸುತ್ತ ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆಯೆಂದು ಹಿಡಿದರೆ, 200 ಚದರ ಮೀಟರ್ ಚಾವಣಿಯ ಮೇಲೆ 1,60,000 ಲೀಟರ್ ನೀರು ಬೀಳುತ್ತದೆ. ಐದರಲ್ಲೊಂದು ಪಾಲು ವ್ಯರ್ಥವಾದರೂ 1,28,000 ಲೀಟರ್ ಕೈಗೆ ಸಿಗುತ್ತದೆ. 120 ಮಕ್ಕಳಿಗೆ ಕುಡಿಯಲು ತಲಾ 3 ಲೀಟರಿನಂತೆ 220 ದಿನಗಳಿಗೆ ಬೇಕಾಗುವುದು 79,200 ಲೀಟರ್ ಮಾತ್ರ. ಆದರೆ ಮಳೆ ಬೀಳುವ ತಿಂಗಳು ಬೇರೆ, ನೀರಡಿಕೆಯ ತಿಂಗಳು ಬೇರೆ. ನವೆಂಬರಿನಿಂದ ಮಾರ್ಚಿಯವರೆಗಿನ ಸುಮಾರು 110 ಶಾಲಾ ದಿನಗಳನ್ನು ದಾಟಲು 40,000 ಲೀಟರ್ ಹಿಡಿಯುವ, ಅಂದರೆ 5 ಮೀಟರ್ ಉದ್ದ, 4 ಮೀಟರ್ ಅಗಲ, 2 ಮೀಟರ್ ಆಳದ ಮುಚ್ಚಿದ ತೊಟ್ಟಿ ಬೇಕಾಗುತ್ತದೆ. ಮೊದಲ ಮಳೆಯ ಕೊಳಕು ನೀರನ್ನು ಹೊರಬಿಟ್ಟು, ಉಳಿದುದನ್ನು ಸೋಸಿ, ಪರೀಕ್ಷಿಸಿ, ಶುದ್ಧಗೊಳಿಸಿಯೇ ಕುಡಿಯಲು ಕೊಡಬೇಕು. ಶೌಚಾಲಯ ಮತ್ತು ಸ್ವಚ್ಛತೆಗೆ ಇದಕ್ಕಿಂತ ಬಹಳ ಹೆಚ್ಚಿನ ನೀರು ಬೇಕಾದುದರಿಂದ ಪಂಚಾಯತಿಯ ನಲ್ಲಿ ಅಥವಾ ಕೊಳವೆಬಾವಿಯ ಆಸರೆ ತಪ್ಪದು. ಶೌಚಾಲಯ ಕಟ್ಟಿಸುವ ದಾನಿಗಳು ದೊರೆಯುತ್ತಾರೆ. ಅದನ್ನು ನಿತ್ಯ ತೊಳೆಯುವವರ ಕೂಲಿಗೆ ದಾನ ಕೊಡುವವರು ಅಪರೂಪ. ಬೀಗ ಬಿದ್ದ ಶೌಚಾಲಯದಿಂದಾಗಿ ದೊಡ್ಡವಳಾದ ಹೆಣ್ಣು ಮಗು ಶಾಲೆಯನ್ನೇ ಬಿಟ್ಟೀತೆಂಬ ಅರಿವು ಆಡಳಿತದವರಿಗಿರಬೇಕು.

ಹಣದ ಬಾಳಿಕೆ

ಕಟ್ಟಡವು ಒಂದು ಸಲದ ದಾನ. ಶಾಲೆ ಪ್ರತಿ ತಿಂಗಳ ದಾಸೋಹ. ಈ ವ್ಯತ್ಯಾಸವನ್ನು ಗಮನಿಸದೆ ಹೊರಟ ಸಂಸ್ಥೆಗಳೇ ನಡುದಾರಿಯಲ್ಲಿ ದಣಿಯುತ್ತವೆ. ಹಿಂದಿನ ಖಾಸಗಿ ಕನ್ನಡ ಶಾಲೆಗಳಿಗೆ ಸರ್ಕಾರದ ವೇತನಾನುದಾನದ ಭರವಸೆಯಿತ್ತು. 1987ರ ಬಳಿಕ ಹುಟ್ಟಿದ ಶಾಲೆಗಳಿಗೆ ಆ ಬಾಗಿಲು ಬಹಳ ಕಿರಿದಾಯಿತು. ಅನುದಾನ ಬಂದೀತೆಂಬ ನಿರೀಕ್ಷೆಯ ಮೇಲೆ ಹೊಸ ಶಾಲೆಯ ಆಯವ್ಯಯ ನಿಲ್ಲಲಾಗದು.

ನಿದರ್ಶನಕ್ಕಾಗಿ ಒಬ್ಬ ಶಿಕ್ಷಕರಿಗೆ ತಿಂಗಳಿಗೆ 20,000 ರೂಪಾಯಿ ವೇತನವೆಂದು ಇಟ್ಟುಕೊಂಡರೆ ವರ್ಷಕ್ಕೆ 2,40,000 ರೂಪಾಯಿ; ಐವರಿಗೆ 12 ಲಕ್ಷ. ಶೇಕಡಾ 6ರ ಬಡ್ಡಿಯಿಂದಲೇ ಒಬ್ಬರ ವೇತನ ನಡೆಯಬೇಕಾದರೆ 40 ಲಕ್ಷದ ದತ್ತಿ, ಐವರಿಗಾದರೆ 2 ಕೋಟಿಯ ದತ್ತಿ ಬೇಕು. ಅಲ್ಲದೆ ಬೆಲೆಗಳು ವರ್ಷಕ್ಕೆ ಶೇಕಡಾ 5ರಂತೆ ಏರಿದರೆ ಹದಿನಾಲ್ಕು–ಹದಿನೈದು ವರ್ಷಗಳಲ್ಲಿ ಇಮ್ಮಡಿಯಾಗುತ್ತವೆ. ಬಡ್ಡಿಯನ್ನೆಲ್ಲ ಖರ್ಚು ಮಾಡುವ ದತ್ತಿಯು ಅಂಕಿಯಲ್ಲಿ ಹಾಗೆಯೇ ಉಳಿದರೂ ಬಲದಲ್ಲಿ ಅರ್ಧವಾಗುತ್ತದೆ. ಆದುದರಿಂದ ಬಡ್ಡಿಯ ಒಂದು ಪಾಲು ಪ್ರತಿ ವರ್ಷ ಮೂಲಧನಕ್ಕೆ ಮರಳಬೇಕು. ರೈತನು ಬೆಳೆಯಲ್ಲಿ ಬೀಜದ ಕಾಳನ್ನು ಮೊದಲು ಎತ್ತಿಟ್ಟು ಉಳಿದುದನ್ನು ಉಣ್ಣುವ ನೀತಿಯೇ ಇದು.

ಒಂದೇ ತೊರೆಯನ್ನು ನೆಚ್ಚಿದ ಕೆರೆ ಬೇಗ ಬತ್ತುತ್ತದೆ. ದತ್ತಿಯ ಬಡ್ಡಿ, ಪಾಲಕರ ಶಕ್ತಿಗೆ ತಕ್ಕ ಶುಲ್ಕ, ಹಿರಿಯ ವಿದ್ಯಾರ್ಥಿಗಳ ವಾರ್ಷಿಕ ಕಾಣಿಕೆ ಎಂಬ ಮೂರು ತೊರೆಗಳು ಕೂಡಬೇಕು. 300 ಹಿರಿಯ ವಿದ್ಯಾರ್ಥಿಗಳು ವರ್ಷಕ್ಕೆ ತಲಾ 1,000 ರೂಪಾಯಿ ಕೊಟ್ಟರೆ 3 ಲಕ್ಷವಾಗಿ, ಮೇಲಿನ ಲೆಕ್ಕದಂತೆ ಒಬ್ಬ ಗುರುವಿನ ವರ್ಷದ ವೇತನ ತುಂಬಿ ಇನ್ನೂ 60,000 ರೂಪಾಯಿ ಉಳಿಯುತ್ತದೆ. ಒಮ್ಮೆ ಬರುವ ದೊಡ್ಡ ಮೊತ್ತಕ್ಕಿಂತ ತಪ್ಪದೆ ಬರುವ ಸಣ್ಣ ಮೊತ್ತ ಶಾಲೆಗೆ ಹೆಚ್ಚಿನ ಆಧಾರ. ಇದರೊಡನೆ ಆರು ತಿಂಗಳ ವೇತನದಷ್ಟು ಆಪದ್ಧನವೂ, ಕಟ್ಟಡದ ವೆಚ್ಚದ ಶೇಕಡಾ 2ರಷ್ಟು ವಾರ್ಷಿಕ ದುರಸ್ತಿ ನಿಧಿಯೂ ಪ್ರತ್ಯೇಕವಾಗಿರಬೇಕು. 60 ಲಕ್ಷದ ಕಟ್ಟಡಕ್ಕೆ ಇದು ವರ್ಷಕ್ಕೆ 1,20,000 ರೂಪಾಯಿ. ಈ ಹಣವನ್ನು ಬೇರೆ ಯಾವ ಸಮಾರಂಭಕ್ಕೂ ಮುಟ್ಟಬಾರದೆಂಬ ಠರಾವು ಮೊದಲ ಸಭೆಯಲ್ಲೇ ಆಗಬೇಕು.

ಮಕ್ಕಳು ಉಳಿಯಬೇಕಾದರೆ

ಕಟ್ಟಡ, ನೀರು, ಹಣ ಎಲ್ಲವೂ ಇದ್ದು ಮಕ್ಕಳೇ ಬರದಿದ್ದರೆ ಶ್ರಮವೆಲ್ಲ ನಿಷ್ಫಲ. ಪ್ರಾಥಮಿಕ ಹಂತದಲ್ಲಿ ಬೋಧನಾ ಮಾಧ್ಯಮವನ್ನು ಸರ್ಕಾರವು ಹೇರಲಾಗದೆಂದು 2014ರ ಮೇ 6ರಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠ ತೀರ್ಪಿತ್ತಿತು. ಅಂದಿನಿಂದ ಕನ್ನಡ ಶಾಲೆಯ ಉಳಿವು ಕಾನೂನಿನ ಬಲದ ಮೇಲಲ್ಲ, ಕಲಿಕೆಯ ಗುಣದ ಮೇಲೆ ನಿಂತಿದೆ. ಕನ್ನಡದಲ್ಲಿ ನಿರರ್ಗಳವಾಗಿ ಓದಿ ಬರೆಯುವ, ಲೆಕ್ಕದಲ್ಲಿ ಅಂಜದ, ಇಂಗ್ಲಿಷನ್ನೂ ಒಂದು ಭಾಷೆಯಾಗಿ ಚೆನ್ನಾಗಿ ಕಲಿಯುವ ಮಕ್ಕಳನ್ನು ತೋರಿಸಿದರೆ ಪಾಲಕರು ತಾವಾಗಿಯೇ ಬರುತ್ತಾರೆ. ಅದಕ್ಕಾಗಿ ಗುರುಗಳಿಗೆ ವರ್ಷವರ್ಷವೂ ತರಬೇತಿ, ವಾಚನಾಲಯಕ್ಕೆ ವರ್ಷವರ್ಷವೂ ಹೊಸ ಪುಸ್ತಕ ಸಲ್ಲಬೇಕು. ಐದನೆಯ ತರಗತಿ ಮುಗಿಸಿದ ಮಗು ಆರನೆಯದಕ್ಕೆ ಎಲ್ಲಿಗೆ ಹೋಗಬೇಕೆಂಬ ಏರ್ಪಾಡೂ ಮೊದಲೇ ಆಗಿರಬೇಕು.

ಆಡಳಿತ ಮಂಡಳಿಯಲ್ಲಿ ದಾನಿಗಳಷ್ಟೇ ಅಲ್ಲ, ಪಾಲಕರೂ ಗುರುಗಳೂ ಇರುವುದು ಕ್ಷೇಮ. ತಾಯಂದಿರ ದನಿಯಂತೂ ಇರಲೇಬೇಕು. ವರ್ಷಕ್ಕೊಮ್ಮೆ ಊರಿನ ಸಭೆಯಲ್ಲಿ ಜಮಾ–ಖರ್ಚಿನ ಲೆಕ್ಕ, ಹಾಜರಿಯ ಲೆಕ್ಕ, ಕಲಿಕೆಯ ಲೆಕ್ಕ, ದುರಸ್ತಿಯ ಲೆಕ್ಕ ಎಂಬ ನಾಲ್ಕನ್ನೂ ಓದಿ ಹೇಳಬೇಕು. ಹಣದ ಲೆಕ್ಕ ಮಾತ್ರ ಒಪ್ಪಿಸಿ ಉಳಿದ ಮೂರನ್ನು ಮುಚ್ಚಿಟ್ಟ ಸಂಸ್ಥೆ ಬಹುಕಾಲ ಜನರ ವಿಶ್ವಾಸವನ್ನು ಉಳಿಸಿಕೊಳ್ಳಲಾರದು.

ಮುಗದದಲ್ಲಿ ಪೋಷಣೆ ಪಡೆದ ಭತ್ತದ ತಳಿಗಳು ಒಂದೇ ಹಂಗಾಮಿನ ಫಲವಲ್ಲ. ಹಲವು ವರ್ಷಗಳ ಪರೀಕ್ಷೆ, ಆಯ್ಕೆ, ಎಚ್ಚರಿಕೆಯ ಬೀಜೋತ್ಪಾದನೆ ಅವುಗಳ ಹಿಂದಿದೆ. ಶಾಲೆಯೂ ಅಂಥದೇ ಬೆಳೆ. ಗೋಡೆಯ ಮೇಲಿನ ಕಲ್ಲಿನಲ್ಲಿ ದಾನಿಗಳ ಹೆಸರು ಕೊರೆಯುವುದು ಉಚಿತವೇ; ಆದರೆ ದಾನದ ನಿಜವಾದ ಸಾರ್ಥಕತೆ, ಅವರನ್ನು ಕಂಡರಿಯದ ಮಗುವೊಂದು ಐವತ್ತು ವರ್ಷಗಳ ಬಳಿಕ ಅದೇ ಕೊಠಡಿಯಲ್ಲಿ ಕುಳಿತು, ಒಳ್ಳೆಯ ಗುರುವಿನಿಂದ ಮೊದಲ ಅಕ್ಷರವನ್ನು ತಿದ್ದುವುದರಲ್ಲಿದೆ.