ತೆಂಗಿನ ಮರಕ್ಕೆ ಬಂದ ಕಾವಲುಗಾರ್ತಿ

ಊರಿಗಾಂನ ನಮ್ಮ ಮನೆಯ ಹಿತ್ತಲಲ್ಲಿ ಎರಡು ತೆಂಗಿನ ಮರಗಳಿವೆ. ನಮ್ಮ ತಾಯಿ ಬಚ್ಚಲ ನೀರು ಹಾಯಿಸಿ ಬೆಳೆಸಿದ ಮರಗಳು. ಕೆಲವು ವರ್ಷಗಳ ಹಿಂದೆ, ಒಂದು ಬೇಸಿಗೆಯಲ್ಲಿ, ಅವುಗಳ ಕೆಳಗಿನ ಗರಿಗಳು ಬೆಂಕಿ ತಾಗಿದಂತೆ ಒಣಗತೊಡಗಿದವು. ನೀರು ಸಾಲದೇನೋ ಎಂದು ಬಿಂದಿಗೆಗಟ್ಟಲೆ ಸುರಿದೆ. ಪ್ರಯೋಜನವಾಗಲಿಲ್ಲ.

ರಜೆಗೆ ಬಂದಿದ್ದ ಮೊಮ್ಮಗಳು ಕೆಳಗೆ ಬಿದ್ದಿದ್ದ ಗರಿಯೊಂದನ್ನು ತಿರುವಿ ನೋಡಿ, "ತಾತ, ಇಲ್ಲೊಂದು ಗಣಿ ಇದೆ!" ಎಂದು ಕೂಗಿದಳು. ನಿಜ, ಎಲೆಯ ಅಡಿಯಲ್ಲಿ ನೂಲು ಮತ್ತು ಹಿಕ್ಕೆ ಸೇರಿಸಿ ಕಟ್ಟಿದ ಉದ್ದನೆಯ ಸುರಂಗ. ಅದರೊಳಗೆ ಕಪ್ಪು ತಲೆಯ ಪುಟ್ಟ ಹುಳು. ಇದೇ ತೆಂಗಿನ ಕಪ್ಪುತಲೆ ಹುಳು. ಸುರಂಗದಲ್ಲಿ ಅಡಗಿ ಕುಳಿತು ಎಲೆಯ ಹಸಿರನ್ನೆಲ್ಲ ಕೆರೆದು ತಿನ್ನುತ್ತದೆ.

"ಬೇರಿಗೆ ಔಷಧಿ ಕಟ್ಟಿಬಿಡಿ ಸಾರ್" ಎಂದರು ಪಕ್ಕದ ಮನೆಯವರು. ಅವರ ಮರಗಳಿಗೂ ಹುಳು ಹತ್ತಿತ್ತು. ನನಗೆ ಮನಸ್ಸಾಗಲಿಲ್ಲ. ಆ ಎಳನೀರು ಕುಡಿಯುವವರು ಮಕ್ಕಳು. ನಮ್ಮೂರಿನ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಸೈನೈಡ್ ದಿಬ್ಬಗಳು ಮಾತ್ರ ಇನ್ನೂ ಹಾಗೇ ನಿಂತಿವೆ. ಕೆಲಸ ಮುಗಿದ ಮೇಲೂ ವಿಷ ಉಳಿಯುತ್ತದೆ ಎಂಬುದನ್ನು ನಮಗೆ ಯಾರೂ ಹೇಳಿಕೊಡಬೇಕಿಲ್ಲ. "ಎರಡು ತಿಂಗಳು ತಡೆಯಿರಿ" ಎಂದು ಕೇಳಿಕೊಂಡೆ.

ತೋಟಗಾರಿಕೆ ಇಲಾಖೆಯಲ್ಲಿ ವಿಚಾರಿಸಿದಾಗ ಸಿಕ್ಕಿದ್ದು ಗಾಜಿನ ಕೊಳವೆಗಳಲ್ಲಿದ್ದ ಕಣಜಗಳು. ಕಣಜವೆಂದರೆ ಮನೆಯ ಸೂರಿನಲ್ಲಿ ಗೂಡು ಕಟ್ಟುವಂಥದ್ದಲ್ಲ. ರೆಕ್ಕೆಯಿರುವ ಸಣ್ಣ ಕಪ್ಪಿರುವೆಯಷ್ಟೇ ಗಾತ್ರ. ಹೆಸರು ಗೋನಿಯೋಜಸ್. ಪ್ರಯೋಗಾಲಯದಲ್ಲಿ ಇವನ್ನು ಅಕ್ಕಿಯ ಪತಂಗದ ಹುಳುಗಳ ಮೇಲೆ ಸಾಕುತ್ತಾರೆ.

ಮಕ್ಕಳೇ, ಇದರ ಕೆಲಸ ಕೇಳಿ. ತಾಯಿ ಕಣಜ ಸುರಂಗವನ್ನು ಹುಡುಕಿ, ಹುಳುವನ್ನು ಕುಟುಕಿ ಅಲ್ಲಾಡದಂತೆ ಮಾಡುತ್ತದೆ. ಅದರ ಮೈಮೇಲೆ ಹತ್ತು-ಹನ್ನೆರಡು ಮೊಟ್ಟೆ ಇಡುತ್ತದೆ. ಮರಿಗಳು ಹುಳುವಿನ ರಸ ಹೀರಿ ಬೆಳೆದು ಅಲ್ಲೇ ಗೂಡು ಕಟ್ಟುತ್ತವೆ. ಸುಮಾರು ಎರಡು ವಾರದಲ್ಲಿ ಹೊಸ ಕಣಜಗಳು ಹೊರಬರುತ್ತವೆ. ಅಚ್ಚರಿಯೆಂದರೆ, ಮೊಟ್ಟೆಯಿಟ್ಟ ತಾಯಿ ಹಾರಿಹೋಗುವುದಿಲ್ಲ. ಮರಿಗಳು ಬೆಳೆಯುವವರೆಗೆ ಪಕ್ಕದಲ್ಲೇ ಕಾವಲು ಕೂರುತ್ತದೆ!

ಬಿಡುವ ಮೊದಲು ಕಣಜಗಳಿಗೆ ಜೇನು ಕೊಡಬೇಕು. ಹುಳು ತಿಂದ ಎಲೆಯ ಸುರಂಗದ ವಾಸನೆ ಹಿಡಿಸಿದರೆ ಬೇಟೆ ಇನ್ನೂ ಚುರುಕು. ಹೆಚ್ಚು ಕೆಟ್ಟ ಗರಿಗಳನ್ನು ಕಡಿಸಿ ಸುಟ್ಟು, ಸಂಜೆಯ ತಂಪಿನಲ್ಲಿ ಮರಕ್ಕೆ ಇಪ್ಪತ್ತರಂತೆ ಬಿಟ್ಟೆವು. ಪಕ್ಕದ ಮನೆಯ ಮರಗಳಿಗೂ ಬಿಟ್ಟೆವು. ಪತಂಗಕ್ಕೆ ಕಾಂಪೌಂಡ್ ಲೆಕ್ಕವಿಲ್ಲವಲ್ಲ! ಹದಿನೈದು ದಿನಕ್ಕೊಮ್ಮೆ, ಒಟ್ಟು ನಾಲ್ಕು ಸಲ.

ಮೊದಲ ತಿಂಗಳು ಏನೂ ಕಾಣಲಿಲ್ಲ. ಪಕ್ಕದವರು ದಿನಾ ಮರ ನೋಡುವರು, ಆಮೇಲೆ ನನ್ನನ್ನು ನೋಡುವರು. ಎರಡನೆಯ ತಿಂಗಳಲ್ಲಿ ಇಳಿಸಿ ನೋಡಿದ ಗರಿಗಳಲ್ಲಿ ಬರೀ ಒಣಗಿದ ಹುಳುಗಳು, ಪಕ್ಕದಲ್ಲಿ ಕಣಜದ ಪುಟ್ಟ ಗೂಡುಗಳು. ಸುಟ್ಟ ಗರಿ ಮತ್ತೆ ಹಸಿರಾಗುವುದಿಲ್ಲ. ತೆಂಗು ತಿಂಗಳಿಗೊಂದರಂತೆ ಹೊಸ ಗರಿ ಬಿಡುತ್ತದೆ. ಮರ ತುಂಬಿಕೊಳ್ಳಲು ವರ್ಷವೇ ಬೇಕಾಯಿತು. ಒಂದು ಫಸಲು ಕಳೆದುಕೊಂಡೆವು, ಮರಗಳು ಉಳಿದವು.

ಇದು ಹಿತ್ತಲಿಗಷ್ಟೇ ಸೀಮಿತವಲ್ಲ. 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡ ಪಪ್ಪಾಯಿಯ ಬಿಳಿ ಹಿಟ್ಟು ತಿಗಣೆ ಹಿಪ್ಪುನೇರಳೆಯನ್ನೂ ಬಿಡಲಿಲ್ಲ. 2010ರಲ್ಲಿ ಪೋರ್ಟೊರಿಕೊದಿಂದ ತರಿಸಿದ ಪುಟ್ಟ ಕಣಜವೇ ಅದನ್ನು ಹತೋಟಿಗೆ ತಂದಿತು. ತರಿಸಿ, ಬೆಳೆಸಿ ಹಂಚಿದ್ದು ನಮ್ಮ ಬೆಂಗಳೂರಿನ ಹೆಬ್ಬಾಳದ ಸಂಸ್ಥೆ; ಈಗ ಅದರ ಹೆಸರು ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ.

ಒಂದೇ ಒಂದು ಎಚ್ಚರಿಕೆ: ಕಣಜ ಬಿಟ್ಟ ಮರಕ್ಕೆ ಔಷಧಿ ಹೊಡೆಯಬೇಡಿ. ಶತ್ರುವಿಗಿಂತ ಮೊದಲು ಸಾಯುವುದು ಮಿತ್ರ.

ಈ ಬೇಸಿಗೆಯಲ್ಲಿ ಮೊಮ್ಮಗಳು ಬಂದಾಗ ಎಳನೀರು ಕೆತ್ತಿ ಕೊಟ್ಟೆ. ಕುಡಿಯುತ್ತಲೇ ಮೇಲೆ ನೋಡಿ, "ಆ ಕಾವಲುಗಾರ್ತಿ ಇನ್ನೂ ಅಲ್ಲೇ ಇದ್ದಾಳಾ ತಾತ?" ಎಂದಳು. ಅವಳ ಮರಿಮಕ್ಕಳು ಇರಬಹುದು ಎಂದೆ.