ಯಂತ್ರದೊಳಗಿನ ಬೆಂಕಿ ಮತ್ತು ಎಚ್ಚರಿಕೆಯ ಭಾಷೆ

ಕನ್ನಡ ಎಂ.ಎ. ವಿದ್ಯಾರ್ಥಿಗೆ ಕಾರ್ಖಾನೆಯ ಬೆಂಕಿ ಯಾಕೆ ಅಂತ ನೀವು ಕೇಳಬಹುದು. ನಮ್ಮ ತಾಳವಾಡಿ ಬೆಟ್ಟದ ಕನ್ನಡ ಶಾಲೆಗಳಲ್ಲಿ ಓದಿದ ಕೆಲವರು ದಿಂಬಂ ಘಾಟಿ ಇಳಿದು ಕೊಯಮತ್ತೂರಿನ ಲೇತ್, ಗ್ರೈಂಡಿಂಗ್ ಯಂತ್ರಗಳ ಮುಂದೆ ನಿಲ್ತಾರೆ. ಅಲ್ಲಿನ ಎಚ್ಚರಿಕೆ ಅವರಿಗೆ ತಿಳಿಯುತ್ತದೆಯೇ ಅನ್ನೋದು ಭಾಷೆಯ ಪ್ರಶ್ನೆ. ಮೊದಲು ಯಂತ್ರವನ್ನು ನೋಡೋಣ.

ಲೋಹ ಕೊರೆಯುವಾಗ, ಉಜ್ಜುವಾಗ ಕಾವು ಹುಟ್ಟುತ್ತದೆ. ತಣಿಸಲು ಕೂಲಂಟ್ ಸುರಿಸುತ್ತಾರೆ. ನೀರು ಬೆರೆಸಿದ ಕೂಲಂಟಾದರೆ ಭಯ ಕಡಿಮೆ. ಕೆಲವು ಕೆಲಸಕ್ಕೆ ಬರೀ ಎಣ್ಣೆಯೇ ಬೇಕು. ಜೋರಾಗಿ ಚಿಮ್ಮಿದ ಎಣ್ಣೆ ಮುಚ್ಚಿದ ಯಂತ್ರದೊಳಗೆ ಮಂಜಿನಂತೆ ತುಂಬಿಕೊಳ್ಳುತ್ತದೆ. ಟೂಲ್ ಮುರಿದೋ ಎಣ್ಣೆ ಹರಿಯುವುದು ನಿಂತೋ ಒಂದು ಕಿಡಿ ಹಾರಿದರೆ ಭಗ್ಗನೆ ಹತ್ತಿಕೊಳ್ಳುತ್ತದೆ. ಒಬ್ಬನೇ ಮೂರ್ನಾಲ್ಕು ಯಂತ್ರ ನೋಡಿಕೊಳ್ಳುವ ಕಡೆ ಮರಳಿನ ಬಕೆಟ್ ತರುವಷ್ಟು ಹೊತ್ತು ಇರುವುದಿಲ್ಲ.

ಅದಕ್ಕೇ ತಾನಾಗಿ ನಂದಿಸುವ ವ್ಯವಸ್ಥೆ. ನಮ್ಮ ಕಾಡಲ್ಲಿ ಬೇಸಿಗೆಗೆ ಬೆಂಕಿ ರೇಖೆ ಎಳೀತಾರಲ್ಲ, ಒಣಹುಲ್ಲು ತೆಗೆದು ಉರಿಗೆ ಮೇವು ಸಿಗದ ಹಾಗೆ ಮಾಡ್ತಾರೆ. ಇಲ್ಲೂ ಹಾಗೇ. ಸೆನ್ಸರ್ ಜ್ವಾಲೆಯ ಬೆಳಕನ್ನೋ ಕಾವನ್ನೋ ಗುರುತಿಸುತ್ತದೆ. ಎಣ್ಣೆಯ ಪಂಪು ನಿಲ್ಲುತ್ತದೆ. ಬೆಂಕಿಯ ಮೇವು ಹೋಯಿತು. ಹೊಗೆ ಎಳೆಯುವ ಕೊಳವೆ ಮುಚ್ಚುತ್ತದೆ, ಸಿಲಿಂಡರಿನಿಂದ ಇಂಗಾಲದ ಡೈಆಕ್ಸೈಡ್ ನುಗ್ಗುತ್ತದೆ. ಬೆಂಕಿಯ ಉಸಿರೂ ಹೋಯಿತು. ಎಲ್ಲವೂ ಕೆಲವೇ ಸೆಕೆಂಡುಗಳಲ್ಲಿ. ಆದರೆ ಮೆಗ್ನೀಸಿಯಂ ಚೂರು ಹತ್ತಿಕೊಂಡರೆ ಈ ಅನಿಲ ನಡೆಯದು; ಅದರೊಳಗಿನ ಆಮ್ಲಜನಕವನ್ನೇ ಕಿತ್ತುಕೊಂಡು ಅದು ಉರಿಯುತ್ತದೆ. ಅಲ್ಲಿ ಬೇರೆ ಪುಡಿಯೋ ಆರ್ಗಾನ್ ಅನಿಲವೋ ಬೇಕು.

ಬೆಂಕಿಯ ಉಸಿರು ಕಟ್ಟುವ ಅನಿಲ ಮನುಷ್ಯನ ಉಸಿರನ್ನೂ ಕಟ್ಟುತ್ತದೆ. ಉರಿ ನಂದಿಸಲು ಗಾಳಿಯಲ್ಲಿ ಅದನ್ನು ಕನಿಷ್ಠ ಶೇ. 34ರಷ್ಟು ತುಂಬುವುದು ವಾಡಿಕೆ; ಶೇ. 10 ದಾಟಿದರೇ ಮನುಷ್ಯ ಪ್ರಜ್ಞೆ ತಪ್ಪಬಹುದು. ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರವಾದ್ದರಿಂದ ಗುಂಡಿಗಳಲ್ಲಿ ನಿಲ್ಲುತ್ತದೆ. ಏನಾಯ್ತೋ ಅಂತ ಯಂತ್ರದ ಬಾಗಿಲು ತೆರೆದರೆ ಹೊಸ ಗಾಳಿ ಸಿಕ್ಕಿ ಬಿಸಿ ಎಣ್ಣೆ ಮತ್ತೆ ಹೊತ್ತಿಕೊಳ್ಳಬಹುದು. ಯಂತ್ರ ತನ್ನ ಕೆಲಸ ಮಾಡಿ ಮುಗಿಸಿರುತ್ತದೆ. ಸೈರನ್ನಿನ ಅರ್ಥ ಗೊತ್ತಿರಬೇಕಾದವನು ಮನುಷ್ಯ.

1948ರ ಕಾರ್ಖಾನೆ ಕಾಯ್ದೆಯ 108ನೇ ಸೆಕ್ಷನ್, ಸೂಚನೆಗಳು ಇಂಗ್ಲಿಷಿನಲ್ಲೂ ಬಹುಪಾಲು ಕೆಲಸಗಾರರಿಗೆ ತಿಳಿಯುವ ಭಾಷೆಯಲ್ಲೂ ಇರಬೇಕು ಅಂದಿತು. ಕೊಯಮತ್ತೂರಿನಲ್ಲಿ ಅದು ತಮಿಳು, ನ್ಯಾಯವೇ. ಆದರೆ ತಮಿಳು ಚೆನ್ನಾಗಿ ಮಾತಾಡಿಯೂ ಓದಲು ತಡವರಿಸುವವರು ನಮ್ಮಲ್ಲಿದ್ದಾರೆ. ಅದೇ ಕಾಯ್ದೆಯ 38ನೇ ಸೆಕ್ಷನ್, ಬೆಂಕಿ ಬಿದ್ದಾಗ ಪಾರಾಗುವ ದಾರಿ ಎಲ್ಲ ಕೆಲಸಗಾರರಿಗೂ ಗೊತ್ತಿರಬೇಕು ಅಂದಿತು. ಒಂದು ಕಡೆ ‘ಬಹುಪಾಲು’, ಇನ್ನೊಂದು ಕಡೆ ‘ಎಲ್ಲರೂ’. ಆ ಅಂತರದಲ್ಲಿ ನಮ್ಮೂರಿನವನು ನಿಂತಿದ್ದಾನೆ.

ಅಲ್ಲಿ ಕನ್ನಡ ಹಾಕಿದರಷ್ಟೇ ಸಾಲದು. ‘ಸ್ವಯಂಚಾಲಿತ ಅಗ್ನಿಶಮನ ವ್ಯವಸ್ಥೆಯು ಸಕ್ರಿಯಗೊಂಡಾಗ’ ಅಂತ ಬರೆದರೆ ಅವನ ಪಾಲಿಗೆ ಅದೂ ಇನ್ನೊಂದು ಇಂಗ್ಲಿಷೇ. ಬೇಕಾಗಿರೋದು ಇಷ್ಟು: ಸೈರನ್ ಕೂಗಿದರೆ ದೂರ ಹೋಗಿ. ಬಾಗಿಲು ತೆರೆಯಬೇಡಿ. ಗುಂಡಿಗೆ ಇಳಿಯಬೇಡಿ. ಹೇಳುವ ತನಕ ವಾಪಸ್ ಬರಬೇಡಿ.

ಇಂಥ ಸಾಲು ಬರೆದುಕೊಡೋದು ಕನ್ನಡ ವಿಭಾಗದ ಕೆಲಸವೂ ಹೌದು ಅನ್ನೋದು ನನ್ನ ವಾದ. ಚರ್ಚೆಗೆ ಕಾಯುತ್ತೇನೆ.